‘ಮರಳಿ ಮಣ್ಣಿಗೆ’ ಓದಿ ಕೆಲಸ ಬಿಡಬಹುದೇ?

ಪ್ರಶ್ನೆ: ಸರ್, ನನಗೆ 41 ವರ್ಷ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ. ಊರು ಕುಂದಾಪುರದ ಕಡೆ. ಅಲ್ಲಿ ಹಳೆಯ ಹಂಚಿನ ಮನೆ, ಎರಡು ಎಕರೆ ಜಾಗ ಇದೆ. ಅರ್ಧ ತೆಂಗಿನ ತೋಟ, ಉಳಿದದ್ದು ಹಡಿಲು ಬಿದ್ದ ಗದ್ದೆ. ಅಮ್ಮ ಒಬ್ಬರೇ ಇದ್ದಾರೆ. ಈ ಬೇಸಿಗೆಯಲ್ಲಿ ಊರಿಗೆ ಹೋದಾಗ ಅಪ್ಪನ ಕಪಾಟಿನಲ್ಲಿದ್ದ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಓದಿದೆ. ಕಾಲೇಜು ಬಿಟ್ಟ ಮೇಲೆ ನಾನು ಪೂರ್ತಿ ಓದಿದ ಮೊದಲ ಕಾದಂಬರಿ ಇದು. ಮುಗಿಸಿದ ಮೇಲೆ ಸರಿಯಾಗಿ ನಿದ್ದೆ ಬರಲಿಲ್ಲ. ಕೆಲಸ ಬಿಟ್ಟು ಊರಿಗೆ ಹೋಗು ಎಂದು ಪುಸ್ತಕ ನನಗೇ ಹೇಳಿದಂತಾಯಿತು. ಹೆಂಡತಿಗೂ ಓದಲು ಕೊಟ್ಟೆ. ಮುಗಿಸಿ ಅವಳು ಹೇಳಿದ್ದು ಇಷ್ಟೇ: "ನಿಮಗೆ ರಾಮ ಕಂಡ, ನನಗೆ ಪಾರೋತಿ ಕಂಡಳು. ನಾನು ಬರುವುದಿಲ್ಲ." ಸ್ನೇಹಿತರು, ಕತೆ ಪುಸ್ತಕ ಓದಿ ಯಾರಾದರೂ ಸಂಬಳ ಬಿಡುತ್ತಾರೆಯೇ ಎಂದು ನಗುತ್ತಾರೆ. ದೊಡ್ಡ ಕಾದಂಬರಿಗಳಿಂದ ಬದುಕಿಗೆ ಪಾಠ ಕಲಿಯಬೇಕು ಎಂದು ಶಾಲೆಯಿಂದಲೂ ಕೇಳುತ್ತ ಬಂದಿದ್ದೇವೆ. ಹಾಗಾದರೆ ಈ ಕಾದಂಬರಿಯ ಪಾಠ ಯಾವುದು? ನನಗೆ ಕಂಡದ್ದು ಸರಿಯೇ, ಅವಳಿಗೆ ಕಂಡದ್ದೇ? ಏಳನೆಯ ತರಗತಿಯ ಮಗಳೂ ಪುಸ್ತಕ ಕೇಳುತ್ತಿದ್ದಾಳೆ. ಕೊಡಬಹುದೇ?

ಉತ್ತರ: ಇಷ್ಟು ಗಟ್ಟಿಯಾಗಿ ಮಾತನಾಡಿದ ಪುಸ್ತಕವನ್ನು ನಂಬಿ ಹೆಜ್ಜೆ ಇಡಬಹುದೇ ಎಂಬುದು ನಿಮ್ಮ ಚಿಂತೆ. ಜೊತೆಗೆ, ಅದೇ ಪುಸ್ತಕ ನಿಮ್ಮ ಪತ್ನಿಗೆ ಬೇರೆಯೇ ಮಾತು ಹೇಳಿದ್ದು ಹೇಗೆ ಎಂಬ ಗಲಿಬಿಲಿಯೂ ಇದೆ. ನಾನು ಕೃಷಿ ಸಲಹೆಗಾರನಲ್ಲ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವನು, ಕರಾವಳಿಯ ಮಕ್ಕಳಿಗೇ ಈ ಕಾದಂಬರಿಯನ್ನು ಹಲವು ವರ್ಷ ಪಾಠ ಮಾಡಿದವನು. ತೆಂಗಿನ ಧಾರಣೆ, ಕೂಲಿಯ ದರ, ನಿಮ್ಮ ಮನೆ ಸಾಲದ ಕಂತು, ಇವನ್ನೆಲ್ಲ ತಿಳಿದವರ ಹತ್ತಿರ ಕೇಳಿ. ಪುಸ್ತಕ ಏನು ಹೇಳಿದೆ, ಹೇಳದೇ ಇದ್ದುದನ್ನು ನೀವು ಎಲ್ಲಿ ಸೇರಿಸಿಕೊಂಡಿದ್ದೀರಿ ಎಂಬುದರ ಬಗ್ಗೆ ಮಾತ್ರ ನಾನು ಮಾತನಾಡಬಲ್ಲೆ.

ನಿಮ್ಮ ಪತ್ನಿ ಒಳ್ಳೆಯ ಓದುಗರು. ನೀವು ಕೆಟ್ಟ ಓದುಗರೆಂದಲ್ಲ, ಆದರೆ ನೀವು ಕೊನೆಯಿಂದ ಓದಿದ್ದೀರಿ, ಅವರು ಮೊದಲಿನಿಂದ ಓದಿದ್ದಾರೆ.

ಕಡಲಿಗೂ ಹೊಳೆಗೂ ನಡುವಿನ ಕೋಡಿ ಎಂಬ ಊರು, ಅಲ್ಲೊಂದು ಮನೆ, ಅದರ ಮೂರು ತಲೆಮಾರು. ಕತೆಯ ಚೌಕಟ್ಟು ನಿಮಗೆ ಗೊತ್ತೇ ಇದೆ. ಮೊದಲ ತಲೆಮಾರಿನ ರಾಮ ಐತಾಳರು ಪೌರೋಹಿತ್ಯಕ್ಕೆ ಊರೂರು ಹೋಗುವವರು. ಮನೆಯ ದುಡಿಮೆ ಯಾರದು? ಹೆಂಡತಿ ಪಾರೋತಿಯದು ಮತ್ತು ತವರಿನಲ್ಲಿ ಉಳಿದ ವಿಧವೆ ತಂಗಿ ಸರಸೋತಿಯದು. ಸೌದೆ ಕೂಡಿಹಾಕುವುದು, ಗೊಬ್ಬರ ಹೊರುವುದು, ಗದ್ದೆಗೆ ಇಳಿಯುವುದು, ಹಟ್ಟಿಯ, ಅಂದರೆ ದನದ ಕೊಟ್ಟಿಗೆಯ ಕೆಲಸ, ಅದೆಲ್ಲ ಮುಗಿದ ಮೇಲೆ ಅಡುಗೆ. ಮಕ್ಕಳಾಗಲಿಲ್ಲವೆಂದು ಐತಾಳರು ಎರಡನೆಯ ಮದುವೆಯಾಗುತ್ತಾರೆ. ಪಾರೋತಿ ಮನೆ ಬಿಟ್ಟು ಹೋಗುವುದಿಲ್ಲ, ಕೂಗಾಡುವುದಿಲ್ಲ, ಸವತಿಯ ಮಗನನ್ನು ಎತ್ತಿ ಆಡಿಸುತ್ತಾಳೆ. ಆ ಮಗನೇ ಲಚ್ಚ. ಇಂಗ್ಲಿಷ್ ಕಲಿಯಲೆಂದು ಕುಂದಾಪುರಕ್ಕೆ ಹೋಗಿ ಓದಿಗಿಂತ ಚಟಗಳನ್ನೇ ಹೆಚ್ಚು ಕಲಿತವನು. ಅವನ ಕೈಯಲ್ಲಿ ಮನೆ ಕರಗುತ್ತದೆ, ಹೆಂಡತಿ ನಾಗವೇಣಿಯ ಆರೋಗ್ಯವೂ ನೆಮ್ಮದಿಯೂ ಹಾಳಾಗುತ್ತವೆ.

ಈ ಹೆಂಗಸರ ದುಡಿಮೆಯನ್ನು ಕಾರಂತರು ಕಣ್ಣೀರು ಸುರಿಸಿ ಬರೆದಿಲ್ಲ. ದಿನಚರಿಯಂತೆ ಬರೆದುಕೊಂಡು ಹೋಗುತ್ತಾರೆ. ಅದಕ್ಕೇ ಹಲವರ ಕಣ್ಣಿಗೆ ಅದು ಬೀಳುವುದಿಲ್ಲ. ನಿಮ್ಮ ಪತ್ನಿಯ ಕಣ್ಣಿಗೆ ಬಿದ್ದಿದೆ. ಊರಿಗೆ ಹೋದರೆ ಆ ದಿನಚರಿಯಲ್ಲಿ ತನ್ನ ಪಾಲು ಎಷ್ಟು ಎಂದು ಅವರು ಲೆಕ್ಕ ಹಾಕಿದ್ದಾರೆ. ನಿಮ್ಮ ಪತ್ರದಲ್ಲಿ ಅದಕ್ಕೆ ಉತ್ತರವಿಲ್ಲ. ಅಲ್ಲಿ ತೋಟ ಇದೆ, ಗದ್ದೆ ಇದೆ, ಅಮ್ಮ ಇದ್ದಾರೆ. ಬೆಳಿಗ್ಗೆ ಐದಕ್ಕೆ ಏಳುವವರು ಯಾರು ಎಂಬುದು ಮಾತ್ರ ಇಲ್ಲ.

ನಾನು ಬಿ.ಎ. ತರಗತಿಯಲ್ಲಿ ಈ ಪಾಠ ಮುಗಿದ ಮೇಲೆ, ಈ ಕಾದಂಬರಿ ಯಾರದು ಎಂದು ಕೇಳುತ್ತಿದ್ದೆ. ಹುಡುಗರು ಬಹುತೇಕ ಲಚ್ಚನ ಮಗ ರಾಮನ ಹೆಸರು ಹೇಳುತ್ತಿದ್ದರು, ಹುಡುಗಿಯರಲ್ಲಿ ಅನೇಕರು ನಾಗವೇಣಿಯ ಹೆಸರು. ಮದುವೆಯಾಗಿ ಮಗುವಾದ ಮೇಲೆ ಓದು ಮುಂದುವರಿಸಿದ್ದ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, "ಸರಸೋತಿಯದು ಸರ್. ತನ್ನದು ಅನ್ನುವ ಒಂದು ಅಂಗುಲ ನೆಲ ಇಲ್ಲದೆ ಇಡೀ ಮನೆ ನಿಲ್ಲಿಸಿದವಳು ಅವಳೇ" ಎಂದಳು. ವಿಮರ್ಶೆಯ ಪುಸ್ತಕಗಳು ಪುಟಗಟ್ಟಲೆ ಬರೆದದ್ದನ್ನು ಒಂದು ವಾಕ್ಯದಲ್ಲಿ ಹೇಳಿ ಕುಳಿತಳು. ಒಬ್ಬರು ರಾಮ ಎಂದು, ಇನ್ನೊಬ್ಬರು ಸರಸೋತಿ ಎಂದು ಹೇಳಿದಾಗ ಯಾರಿಗೂ ಸೊನ್ನೆ ಅಂಕ ಕೊಡುವಂತಿಲ್ಲ. ನಾವು ಯಾರ ಮಗ್ಗುಲಲ್ಲಿ ಕುಳಿತು ಓದಿದೆವೋ ಅವರ ಕತೆ ನಮಗೆ ಪಾಠವಾಗುತ್ತದೆ.

ಇನ್ನು ನಿಮ್ಮ ರಾಮನ ವಿಷಯ. ಲಚ್ಚನ ಮಗ, ಅಜ್ಜನ ಹೆಸರು ಹೊತ್ತವನು, ಮದರಾಸಿನಲ್ಲಿ ಓದಿದವನು, ಸ್ವಾತಂತ್ರ್ಯ ಚಳವಳಿಯ ಸೆಳೆತಕ್ಕೆ ಸಿಕ್ಕವನು, ಮುಂಬಯಿಯಲ್ಲಿ ಅಲೆದವನು. ಅವನು ಕೋಡಿಗೆ ಮರಳುತ್ತಾನೆ ನಿಜ. ಯಾವ ಸ್ಥಿತಿಯಲ್ಲಿ ಮರಳುತ್ತಾನೆ ಎಂಬುದನ್ನು ಆ ಭಾಗ ತೆರೆದು ಇನ್ನೊಮ್ಮೆ ನೋಡಿ. ಓದಿದ ಓದಿಗೆ ತಕ್ಕ ಕೆಲಸ ಪಟ್ಟಣದಲ್ಲಿ ಸಿಗದ ಕಾಲ ಅದು. ಒಂದೊಂದೇ ಬಾಗಿಲು ಮುಚ್ಚಿದ ಮೇಲೆ ಅವನು ಊರಿನ ಕಡೆ ತಿರುಗುತ್ತಾನೆ. ಅವನು ಬರುವ ಹೊತ್ತಿಗೆ ತಾಯಿ ನಾಗವೇಣಿ ಹಾಳಾದ ಬದುಕನ್ನು ಅಲ್ಲಿ ಮತ್ತೆ ಕೈಗೆತ್ತಿಕೊಂಡಿರುತ್ತಾಳೆ. ನಿಮಗೆ ಯಾವ ಬಾಗಿಲೂ ಮುಚ್ಚಿಲ್ಲ. ನೀವು ತೆರೆದ ಬಾಗಿಲನ್ನು ನೀವೇ ಮುಚ್ಚಿ ಹೊರಡುವವರು. ಅದು ತಪ್ಪೆಂದು ನಾನು ಹೇಳುವುದಿಲ್ಲ. ರಾಮನದ್ದಕ್ಕಿಂತ ಅದು ಬೇರೆ ಜಾತಿಯ ನಿರ್ಧಾರ, ಅದಕ್ಕೆ ರಾಮನ ಸಾಕ್ಷಿ ಸಾಲದು.

ಅದೇ ಪುಸ್ತಕದಲ್ಲಿ ಶೀನಮಯ್ಯರ ಕುಟುಂಬವೂ ಇದೆ, ನೆನಪಿದೆಯೇ? ಐತಾಳರೊಂದಿಗೆ ಸದಾ ಪೈಪೋಟಿಯಲ್ಲಿರುವ ಮನೆ. ಆ ಮನೆಯವರು ಬೆಂಗಳೂರಿಗೆ ಹೋಗಿ ಹೋಟೆಲು ನಡೆಸಿ ಕಾಸು ಕಾಣುತ್ತಾರೆ. ನಮ್ಮ ಕಡೆಯ ಎಷ್ಟು ಮನೆಗಳ ಚರಿತ್ರೆ ಅದು! ಇಂದಿಗೂ ಬೆಂಗಳೂರಿನ ಹೋಟೆಲುಗಳ ಗಲ್ಲಾಪೆಟ್ಟಿಗೆಯ ಹಿಂದೆ ಕುಂದಾಪುರದ ಕನ್ನಡ ಕೇಳಿಸುತ್ತದೆ. ಕಾರಂತರು ಅವರ ದುಡ್ಡಿನ ಬಿಗುಮಾನವನ್ನು ಚುಚ್ಚುತ್ತಾರೆ, ಆದರೆ ಅವರ ದುಡಿಮೆಯನ್ನು ಅಳಿಸಿಹಾಕುವುದಿಲ್ಲ. ನೀವು ರಾಮನ ವಂಶದವರೋ ಶೀನಮಯ್ಯರ ವಂಶದವರೋ ಎಂದು ಒಮ್ಮೆ ಕೇಳಿಕೊಳ್ಳಿ. ಸಂಬಳ ಎಣಿಸಿ ಊರಿಗೆ ದುಡ್ಡು ಕಳಿಸುವ ನಮ್ಮಲ್ಲಿ ಹೆಚ್ಚಿನವರು ಎರಡನೆಯ ಸಾಲಿಗೇ ಸೇರಿದವರು. ಓದುವಾಗ ಮಾತ್ರ ಮೊದಲನೆಯ ಸಾಲಿನಲ್ಲಿ ಕುಳಿತುಕೊಳ್ಳುತ್ತೇವೆ.

ದೊಡ್ಡ ಕಾದಂಬರಿಯ ಒಳಗೆ ಒಂದೇ ಒಂದು ಸಂದೇಶ ಅಡಗಿದೆ, ಅದನ್ನು ಹುಡುಕಿ ತೆಗೆಯುವುದೇ ಓದು ಎಂಬ ನಂಬಿಕೆಯನ್ನು ಮೊದಲು ಬಿಡಬೇಕು. ಅದು ಬೇರೂರಿರುವುದಕ್ಕೆ ನಮ್ಮಂಥ ಮೇಷ್ಟರುಗಳ ಪಾಲೂ ಇದೆ. ಪಂಚತಂತ್ರದ ಪ್ರತಿ ಕತೆಯ ಕೊನೆಗೆ ನೀತಿ ಎಂದು ಒಂದು ಸಾಲು ಬರೆಸಿದೆವು. ‘ಈ ಕಾದಂಬರಿಯ ಸಂದೇಶವೇನು? ವಿವರಿಸಿ’ ಎಂದು ಹತ್ತು ಅಂಕಕ್ಕೆ ಕೇಳಿದೆವು. ಹಾಗೆ ಉತ್ತರ ಬರೆದು ಪಾಸಾದ ಮನಸ್ಸು ನಲವತ್ತು ದಾಟಿದ ಮೇಲೂ ಪುಸ್ತಕ ಮುಚ್ಚಿದ ಕೂಡಲೇ ಸಂದೇಶಕ್ಕಾಗಿ ತಡಕಾಡುತ್ತದೆ. ‘ಮಹಾನ್ ಕಾದಂಬರಿಗಳಿಂದ ಕಲಿಯಬೇಕಾದ ಹತ್ತು ಪಾಠಗಳು’ ಎಂಬ ಪಟ್ಟಿಗಳು ಈಗ ಮೊಬೈಲಿನಲ್ಲಿ ದಿನಕ್ಕೊಂದು ಬರುತ್ತವೆ. ತಾಳ್ಮೆ ಇರಲಿ, ಪ್ರೀತಿ ದೊಡ್ಡದು, ದುರಾಸೆ ಬೇಡ. ಇದಕ್ಕೆ ಕಾದಂಬರಿ ಯಾಕೆ? ಅಜ್ಜಿ ಸಾಕು.

ಶೀರ್ಷಿಕೆಯನ್ನೋ ಮುಕ್ತಾಯವನ್ನೋ ಲೇಖಕರ ಆದೇಶವೆಂದು ತಿಳಿಯುವುದು ಇನ್ನೊಂದು ತೊಡಕು. 1902ರಲ್ಲಿ ಕೋಟದಲ್ಲಿ ಹುಟ್ಟಿದ ಕಾರಂತರು ಕೋಟದ ಗದ್ದೆ ಉಳುತ್ತ ಬದುಕು ಕಳೆದವರಲ್ಲ. ದಶಕಗಳ ಕಾಲ ಪುತ್ತೂರಿನಲ್ಲಿದ್ದು ಬರವಣಿಗೆ, ನಾಟಕ, ಮುದ್ರಣ, ಮಕ್ಕಳ ಶಿಕ್ಷಣ, ಯಕ್ಷಗಾನ ಎಂದು ಹತ್ತು ಕಡೆ ಕೈಹಾಕಿದವರು. ಎಲ್ಲರೂ ಊರಿಗೆ ಹಿಂದಿರುಗಿ ಎಂದು ಸಾರುವ ಹಂಬಲ ಅವರಿಗಿದ್ದಿದ್ದರೆ ಅದೇ ಕಾಲದಲ್ಲಿ ‘ಬೆಟ್ಟದ ಜೀವ’ವನ್ನು ಬರೆಯುತ್ತಿರಲಿಲ್ಲ. 1943ರ ಆ ಕಾದಂಬರಿಯಲ್ಲಿ ಸುಬ್ರಹ್ಮಣ್ಯದ ಕಾಡಿನ ಮಗ್ಗುಲಲ್ಲಿ ಗೋಪಾಲಯ್ಯನೆಂಬ ಮುದುಕ ಅಡಿಕೆ ತೋಟ ಕಟ್ಟಿ ಕುಳಿತಿದ್ದಾನೆ. ಮಗ ಶಂಭು ಮನೆ ಬಿಟ್ಟು ಹೋದವನು ಬಂದಿಲ್ಲ. ಗೋಪಾಲಯ್ಯ ಮಾತಿನಲ್ಲಿ ನಗಿಸುತ್ತಾನೆ, ಹೊಸ ತೋಟಕ್ಕೆ ಕಾಡು ಕಡಿಸುತ್ತಾನೆ, ಬಂದವರಿಗೆ ಹೊಟ್ಟೆ ತುಂಬ ಬಡಿಸುತ್ತಾನೆ. ಅವನ ಹೆಂಡತಿ ಶಂಕರಿಯ ಸಂಕಟ ಮಾತ್ರ ಸಂದಿ ಸಿಕ್ಕಲ್ಲೆಲ್ಲ ಹೊರಬೀಳುತ್ತದೆ. ಮಣ್ಣಿಗೆ ಅಂಟಿಕೊಂಡವರ ಬದುಕು ತುಂಬಿದ ಬದುಕು ಹೌದು, ಬರಿದಾದ ಬದುಕೂ ಹೌದು. ಎರಡನ್ನೂ ಒಂದೇ ಪುಟದಲ್ಲಿ ಇಡಬಲ್ಲವರು ಕಾರಂತರು.

ಅದಕ್ಕೂ ಹತ್ತು ವರ್ಷ ಮೊದಲು, 1933ರಲ್ಲಿ, ಅವರೇ ‘ಚೋಮನ ದುಡಿ’ ಬರೆದಿದ್ದರು. ಚೋಮನಿಗೆ ಒಂದು ಜೊತೆ ಎತ್ತು ಇವೆ. ಉಳಲು ಒಂದು ತುಂಡು ನೆಲ ಬೇಕು. ಹೊಲೆಯ ಬೇಸಾಯಗಾರನಾಗುವುದುಂಟೇ ಎಂದು ಊರು ಅವನಿಗೆ ಅದನ್ನು ಕೊಡುವುದಿಲ್ಲ. ಮಕ್ಕಳು ಒಬ್ಬೊಬ್ಬರಾಗಿ ಕೈತಪ್ಪುತ್ತಾರೆ, ಕೊನೆಗೆ ಬಾಗಿಲು ಹಾಕಿಕೊಂಡು ದುಡಿ ಬಡಿಯುತ್ತ ಸಾಯುತ್ತಾನೆ. ಮಣ್ಣಿಗೆ ಮರಳುವ ಕನಸು ಕಾಣಲು ಮೊದಲು ಮಣ್ಣು ಯಾರದಾಗಿತ್ತು ಎಂಬ ಪ್ರಶ್ನೆ ಈ ಚಿಕ್ಕ ಪುಸ್ತಕದಲ್ಲಿ ಇದೆ. ನಿಮ್ಮ ಎರಡು ಎಕರೆಯ ಗದ್ದೆಯಲ್ಲಿ ಹಿಂದೆ ನೇಜಿ ನೆಟ್ಟವರು ಯಾರು, ಅವರ ಮೊಮ್ಮಕ್ಕಳು ಈಗ ಎಲ್ಲಿದ್ದಾರೆ ಎಂದು ಅಮ್ಮನನ್ನು ಕೇಳಿ ನೋಡಿ. ಅವರಲ್ಲಿ ಹಲವರು ಗದ್ದೆಯಿಂದ ಹೊರಬಿದ್ದದ್ದನ್ನು ಬಿಡುಗಡೆ ಎಂದೇ ಎಣಿಸುತ್ತಾರೆ. ನಾಳೆ ನಾಟಿಗೆ ಜನ ಸಿಗುವುದಿಲ್ಲ ಎಂದು ನೀವು ಗೊಣಗುವ ದಿನ ಬಂದರೆ ಇದು ನೆನಪಾಗಲಿ.

ಹಾಗೆಂದು ನಿಮ್ಮ ಸ್ನೇಹಿತರ ಪರ ವಹಿಸುತ್ತಿದ್ದೇನೆ ಎಂದುಕೊಳ್ಳಬೇಡಿ. ಕತೆ ಪುಸ್ತಕಕ್ಕೂ ಬದುಕಿಗೂ ಸಂಬಂಧವಿಲ್ಲ ಎಂಬ ಅವರ ಮಾತು ಇನ್ನೂ ಟೊಳ್ಳು. ನಿಮ್ಮನ್ನೂ ನಿಮ್ಮ ಪತ್ನಿಯನ್ನೂ ಎದುರುಬದುರು ಕೂರಿಸಿ, ಇಷ್ಟು ವರ್ಷ ಆಡದ ಮಾತನ್ನು ಆಡಿಸಿದ್ದು ಈ ಕಾದಂಬರಿಯೇ. ಹಣಕಾಸು ಸಲಹೆಗಾರ ಬಂದಿದ್ದರೆ ಲೆಕ್ಕದ ಹಾಳೆ ತೋರಿಸಿ ಹೋಗುತ್ತಿದ್ದ. ಪಾರೋತಿಯನ್ನು ತೋರಿಸುತ್ತಿರಲಿಲ್ಲ.

ಇಲ್ಲಿ ‘ಸಂಸ್ಕಾರ’ದ ಪ್ರಾಣೇಶಾಚಾರ್ಯರು ನೆನಪಾಗುತ್ತಾರೆ. ಯು.ಆರ್. ಅನಂತಮೂರ್ತಿಯವರ 1965ರ ಕಾದಂಬರಿ. ದೂರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪ ಸತ್ತಿದ್ದಾನೆ. ಆಚಾರ ಬಿಟ್ಟವನ ಹೆಣವನ್ನು ಬ್ರಾಹ್ಮಣರು ಸುಡಬಹುದೇ? ವೇದಾಂತ ಶಿರೋಮಣಿಗಳಾದ ಆಚಾರ್ಯರು ರಾತ್ರಿಯೆಲ್ಲ ಗ್ರಂಥಗಳನ್ನು ಹುಡುಕುತ್ತಾರೆ. ಉತ್ತರ ಸಿಗುವುದಿಲ್ಲ. ಮಾರುತಿಯ ಗುಡಿಗೆ ಹೋಗಿ ಬಲಗಡೆಯ ಹೂವೋ ಎಡಗಡೆಯ ಹೂವೋ ಎಂದು ಪ್ರಸಾದಕ್ಕೆ ಕಾಯುತ್ತಾರೆ. ದೇವರೂ ಹೂ ಕೊಡುವುದಿಲ್ಲ. ಅತ್ತ ಹೆಣ ನಾರುತ್ತಿರುತ್ತದೆ. ಕೊನೆಗೆ ದಹನ ಮಾಡಿಸುವವಳು, ನಾರಣಪ್ಪನ ಜೊತೆ ಬಾಳಿದ, ಯಾವ ಗ್ರಂಥವನ್ನೂ ತೆರೆಯದ ಚಂದ್ರಿ. ಅದಕ್ಕೆ ನೆರವಾಗುವವನು ಒಬ್ಬ ಮುಸ್ಲಿಂ ವ್ಯಾಪಾರಿ. ಪುಸ್ತಕದಲ್ಲಿ ತೀರ್ಪು ಹುಡುಕುವವನ ಪಾಡನ್ನು ಪುಸ್ತಕವೊಂದು ಹೀಗೆ ತೋರಿಸಿದ್ದು ನನಗೆ ಯಾವತ್ತೂ ತಮಾಷೆಯಾಗಿ ಕಾಣುತ್ತದೆ. ಯುರೋಪಿನಲ್ಲಿ 1605ರಷ್ಟು ಹಿಂದೆಯೇ ಸೆರ್ವಾಂಟಿಸ್ ಹೀಗೆಯೇ ಮಾಡಿದ್ದ. ವೀರರ ಕತೆಗಳನ್ನು ಓದಿ ಓದಿ ತಾನೂ ವೀರನೆಂದು ಬಡಕಲು ಕುದುರೆ ಏರಿ ಹೊರಟ ಡಾನ್ ಕ್ವಿಕ್ಸಾಟ್‌ನ ಕತೆ ಅವನದು.

ಹಾಗಾದರೆ ಪುಸ್ತಕ ನಿಮ್ಮನ್ನು ಇಷ್ಟು ಬಲವಾಗಿ ಹಿಡಿದದ್ದು ಯಾಕೆ? ಆ ಆಸೆ ನಿಮ್ಮಲ್ಲಿ ಮೊದಲೇ ಇದ್ದಿರಬೇಕು. ಒಬ್ಬರೇ ಇರುವ ಅಮ್ಮ, ಹಡಿಲು ಬಿದ್ದ ಗದ್ದೆ, ಅಪ್ಪನ ಕಪಾಟು, ನಲವತ್ತು ದಾಟಿದ ವಯಸ್ಸು. ಇದೇ ಪುಸ್ತಕವನ್ನು ಇಪ್ಪತ್ತರಲ್ಲಿ ಓದಿದ್ದರೆ ಲಚ್ಚನ ಪ್ರಸಂಗಗಳು ನಿಮ್ಮ ಗಮನ ಸೆಳೆಯುತ್ತಿದ್ದವು, ಊರಿನ ಭಾಗ ಬೇಸರ ಹುಟ್ಟಿಸುತ್ತಿತ್ತು. ನನ್ನ ವಿದ್ಯಾರ್ಥಿಗಳಲ್ಲಿ ಕೊನೆಯ ಭಾಗ ಓದಿ ಊರಿಗೆ ಹೋಗಬೇಕೆಂದವರು ಅಪರೂಪ. ಅವರು ಊರಿನಲ್ಲೇ ಇದ್ದರು, ಹೊರಗೆ ಹೋಗುವ ಬಸ್ಸಿನ ಮೇಲೆ ಅವರ ಕಣ್ಣಿತ್ತು.

ಇನ್ನೊಂದು ಕಾರಣ ಕಾದಂಬರಿಯ ಕಸುಬಿಗೆ ಸೇರಿದ್ದು, ಅದರ ಬಗ್ಗೆ ಎಚ್ಚರ ಇರಬೇಕು. ಕಾದಂಬರಿಯಲ್ಲಿ ಕಾಲ ಬೇಗ ಓಡುತ್ತದೆ. ಹತ್ತೊಂಬತ್ತನೆಯ ಶತಮಾನದಿಂದ ಗಾಂಧಿಯ ಕಾಲದವರೆಗಿನ ಮೂರು ತಲೆಮಾರನ್ನು ನೀವು ಬೇಸಿಗೆಯ ಕೆಲವು ಸಂಜೆಗಳಲ್ಲಿ ದಾಟಿದ್ದೀರಿ. ಒಂದು ಇಡೀ ಮಳೆಗಾಲ ನಾಲ್ಕು ಪುಟದಲ್ಲಿ ಮುಗಿಯುತ್ತದೆ. ಕಷ್ಟದ ನಂತರ ನೆಮ್ಮದಿ ಬರುವ ವೇಗಕ್ಕೆ ಮನಸ್ಸು ಒಗ್ಗಿಹೋಗುತ್ತದೆ. ನಿಮ್ಮ ಮನೆಯ ಮಳೆಗಾಲ ಮಾತ್ರ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ದಿನವನ್ನೂ ಬಿಡದೆ ನಡೆಯುತ್ತದೆ. ಒಣಗದ ಬಟ್ಟೆ, ಕೈಕೊಡುವ ಕರೆಂಟು, ಹಂಚು ಸರಿದ ಕಡೆ ಇಟ್ಟ ಪಾತ್ರೆ, ಎಲ್ಲ ಸೇರಿಸಿ.

ಈಗ ನೀವು ಏನು ಮಾಡಬಹುದು ಎಂಬುದಕ್ಕೆ ಬರುತ್ತೇನೆ.

ಈ ಹುರುಪಿನಲ್ಲೇ ರಾಜೀನಾಮೆ ಕೊಡಬಹುದು. ಕೆಲವರು ಹಾಗೆ ಮಾಡಿ ಚೆನ್ನಾಗಿಯೂ ಇದ್ದಾರೆ. ಆದರೆ ಬೆಲೆ ತೆರುವವರು ನೀವೊಬ್ಬರೇ ಅಲ್ಲ. ಪತ್ನಿ ಬಾಯಿಬಿಟ್ಟು ಬರುವುದಿಲ್ಲ ಎಂದ ಮೇಲೂ ಹೊರಟರೆ, ಪಾರೋತಿಯನ್ನು ಕೇಳದೆ ನಿರ್ಧಾರ ಮಾಡಿದ ಐತಾಳರ ಜಾಗದಲ್ಲಿ ನೀವು ನಿಲ್ಲುತ್ತೀರಿ. ಕಾದಂಬರಿ ಓದಿ ಕಲಿತದ್ದು ಅದೇ ಆದರೆ ಕಾರಂತರ ಶ್ರಮ ವ್ಯರ್ಥ.

ಪುಸ್ತಕವನ್ನು ಮತ್ತೆ ಕಪಾಟಿಗೆ ಸೇರಿಸಿ ಎಲ್ಲ ಮರೆಯಬಹುದು. ಇದು ಸುಲಭ, ಅಪಾಯವೂ ತಕ್ಷಣಕ್ಕೆ ಕಾಣುವುದಿಲ್ಲ. ಆದರೆ ಅಮ್ಮ ಒಬ್ಬರೇ ಇರುವ ವಿಷಯ ಪುಸ್ತಕದಿಂದ ಹುಟ್ಟಿದ್ದಲ್ಲ. ಕಾದಂಬರಿಯನ್ನು ಮರೆತರೂ ಅದು ಹಾಗೆಯೇ ಉಳಿಯುತ್ತದೆ.

ನನ್ನ ಒಲವು ಮೂರನೆಯ ದಾರಿಗೆ. ಕಾದಂಬರಿಯನ್ನು ಇನ್ನೊಮ್ಮೆ ಓದಿ, ಈ ಸಲ ಕೈಯಲ್ಲಿ ಪೆನ್ಸಿಲ್ ಇರಲಿ. ಯಾವ ಪುಟದಲ್ಲಿ ಯಾರು ಕೆಲಸ ಮಾಡುತ್ತಿದ್ದಾರೆ, ಯಾರು ಮಾತನಾಡುತ್ತಿದ್ದಾರೆ ಎಂದು ಅಂಚಿನಲ್ಲಿ ಗುರುತು ಹಾಕುತ್ತ ಹೋಗಿ. ಪತ್ನಿಯೂ ಒಪ್ಪಿದರೆ, ಅವರು ರಾಮನ ಭಾಗವನ್ನು ರಾಮನ ಪರವಾಗಿ ಓದಲಿ, ನೀವು ಸರಸೋತಿಯ ಪರವಾಗಿ. ‘ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ’ ಎಂದು ಕುವೆಂಪು ತಮ್ಮ 1967ರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಬಾಗಿಲಲ್ಲೇ ಬರೆದಿಟ್ಟಿದ್ದಾರೆ. ಭಾಷಣಗಳಲ್ಲಿ ಸವೆದುಹೋದ ಮಾತು, ಆದರೆ ಕಾದಂಬರಿ ಓದುವ ಕ್ರಮಕ್ಕೆ ಅದಕ್ಕಿಂತ ಒಳ್ಳೆಯ ಸೂಚನೆ ನನಗೆ ಕಂಡಿಲ್ಲ. ಈ ದಾರಿಯಲ್ಲೂ ತೊಡಕಿದೆ. ಓದು ವಾದವಾಗಿ, ಪುಟದ ಸಂಖ್ಯೆ ಹೇಳಿ ಜಗಳವಾಡುವ ಹಂತಕ್ಕೆ ಹೋದರೆ ಅಲ್ಲಿಗೇ ನಿಲ್ಲಿಸಿ. ಇನ್ನೊಂದು ಪುಸ್ತಕ, ಮತ್ತೊಂದು ಪುಸ್ತಕ ಎಂದು ನಿರ್ಧಾರ ಮುಂದೂಡುವ ಚಟವೂ ಅಂಟಬಹುದು. ನನ್ನ ವೃತ್ತಿಯವರಲ್ಲಿ ಆ ಚಟ ಬಹಳ.

ಆ ಓದಿನ ಜೊತೆಗೆ, ಬೇಸಿಗೆ ರಜೆಯ ಊರನ್ನು ನಂಬದೆ ಆಷಾಢದ ಊರನ್ನು ನೋಡಿ ಬನ್ನಿ. ಕಂಪನಿ ಒಪ್ಪಿದರೆ ಮಳೆಯ ಒಂದು ತಿಂಗಳು ಅಲ್ಲಿಂದಲೇ ಕೆಲಸ ಮಾಡಿ, ಅಡುಗೆ, ಹಟ್ಟಿ, ಅಂಗಳದ ಪಾಲನ್ನು ನೀವೇ ವಹಿಸಿಕೊಳ್ಳಿ. ಪತ್ನಿ ಬಂದರೆ ಅತಿಥಿಯಾಗಿ ಬರಲಿ. ಮೊದಲು ಕೇಳಬೇಕಾದ ಮಾತು ಇನ್ನೂ ಒಂದಿದೆ, ಅಚ್ಚರಿಯೆಂದರೆ ನಿಮ್ಮ ಪತ್ರದಲ್ಲಿ ಅದರ ಸುಳಿವೇ ಇಲ್ಲ: ನೀವು ಬರುವುದು ಅಮ್ಮನಿಗೆ ಇಷ್ಟವೇ? ಮಗ ಬೆಂಗಳೂರಿನಲ್ಲಿ ಒಳ್ಳೆಯ ಕೆಲಸದಲ್ಲಿದ್ದಾನೆ ಎಂದು ನೆರೆಯವರಿಗೆ ಹೇಳಿಕೊಂಡು ಬದುಕುವ ತಾಯಂದಿರು ನಮ್ಮ ಕಡೆ ಬಹಳ. ಅವರಿಗೆ ಬೇಕಾದದ್ದು ತಿಂಗಳಿಗೊಮ್ಮೆ ಬಂದು ನಿಲ್ಲುವ ಮಗನೋ, ತೋಟ ನೋಡಿಕೊಳ್ಳುವ ನಂಬಿಗಸ್ತ ಆಳೋ, ಬರೀ ಸಂಜೆಯ ಫೋನೋ, ಕೇಳದೆ ಗೊತ್ತಾಗುವುದಿಲ್ಲ.

ಮಗಳ ವಿಷಯ. ಏಳನೆಯ ತರಗತಿಗೆ ‘ಮರಳಿ ಮಣ್ಣಿಗೆ’ ಬೇಡ. ಲಚ್ಚನ ದುರಭ್ಯಾಸ, ನಾಗವೇಣಿ ಅನುಭವಿಸುವ ರೋಗದ ಸಂಗತಿ ಅವಳ ವಯಸ್ಸಿಗೆ ಭಾರ. ಅದಕ್ಕಿಂತ ಹೆಚ್ಚಾಗಿ, ಅಷ್ಟು ನಿಧಾನವಾದ ಪುಸ್ತಕ ಅವಳಿಗೆ ಕಾದಂಬರಿಯ ರುಚಿಯನ್ನೇ ಕೆಡಿಸಬಹುದು. ‘ಬೆಟ್ಟದ ಜೀವ’ ಕೊಡಿ. ದಾರಿ ತಪ್ಪಿದ ಪ್ರಯಾಣಿಕ, ಕಾಡು, ಬಾಯಿತುಂಬ ಮಾತನಾಡುವ ಅಜ್ಜ, ಇಷ್ಟಿದ್ದರೆ ಆ ವಯಸ್ಸಿನ ಮಕ್ಕಳು ಓದಿಕೊಂಡು ಹೋಗುತ್ತಾರೆ. ಓದಿ ಮುಗಿಸಿದ ಮೇಲೆ ಇದರಿಂದ ಏನು ಕಲಿತೆ ಎಂದು ಮಾತ್ರ ಕೇಳಬೇಡಿ. ಯಾರು ಇಷ್ಟವಾದರು ಎಂದು ಕೇಳಿ, ಅವಳು ಹೇಳುವುದನ್ನು ಕೇಳಿಸಿಕೊಳ್ಳಿ. ‘ಮರಳಿ ಮಣ್ಣಿಗೆ’ ಪಿಯುಸಿಯ ಹೊತ್ತಿಗೆ ಅವಳ ಕೈಗೆ ಸಿಕ್ಕರೆ ಸಾಕು.